ಬಾದಾಮಿಯ ದೊರೆಸಾನಿ ಕಮತಗಿಗೆ ಬಂದದ್ದು

ನನ್ನ ಕಾದಂಬರಿಯ ನಾಯಕಿ ಪುಸ್ತಕವಾಗುವ ಮೊದಲೇ ಒಬ್ಬಳ ಮೈಮೇಲೆ ಬಂದಳು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೇಳುವಾಗ ಈಗಲೂ ಸಿಟ್ಟು ಬರುತ್ತದೆ. ಬಂದದ್ದು ಯಾರದೋ ಮೈಮೇಲಲ್ಲ, ನನ್ನ ಒಡಹುಟ್ಟಿದ ತಂಗಿಯ ಮೈಮೇಲೆ.

ನಾನು ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಹಳೇ ಊರಿನ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನವನಗರದಲ್ಲಿ ಎರಡು ಕೋಣೆಯ ಸಂಸಾರ. ಸಂಸಾರವೆಂದರೆ ನಾನೊಬ್ಬಳೇ, ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅವ್ವ ತೀರಿಕೊಂಡಾಗ ತಂಗಿ ಇನ್ನೂ ಲಂಗ ಉಡುತ್ತಿದ್ದಳು. ನಾನೇ ಜಡೆ ಹಾಕಿ ಶಾಲೆಗೆ ಕಳಿಸಿದೆ, ನಾನೇ ಕಮತಗಿಯ ನೇಕಾರರ ಮನೆಗೆ ಮದುವೆ ಮಾಡಿಕೊಟ್ಟೆ. ನಮ್ಮದೂ ನೇಕಾರರ ಮನೆತನವೇ. ಹುಡುಗ ಚಲೋ ಅದಾನ, ಕುಡಿಯೂದಿಲ್ಲ, ಎಲಿ-ಅಡಿಕಿ ಸೈತ ಹಾಕೂದಿಲ್ಲ ಅಂದರು ಎಲ್ಲರೂ. ಖರೆ, ಅವನು ಕುಡಿಯುತ್ತಿರಲಿಲ್ಲ. ಕುಡಿಯದೆಯೇ ಹೊಡೆಯುತ್ತಿದ್ದ.

ನೂಲು ಹರಿದರೆ ಹೊಡೆತ, ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಹುಟ್ಟಿದ್ದು ಹೆಣ್ಣುಕೂಸು ಎಂದು ಬಾಣಂತಿಗೇ ಹೊಡೆತ. ಸುದ್ದಿ ಕೇಳಿದಾಗಲೆಲ್ಲ ನಾನು ಬಸ್ಸು ಹತ್ತಿ ಹೋಗಿ ಬಾಯಿಗೆ ಬಂದ ಹಾಗೆ ಬೈದು ಬರುತ್ತಿದ್ದೆ. ಅಂಥ ಒಂದು ಸಲ ತಂಗಿಯೇ ಹಿತ್ತಲಿಗೆ ಕರೆದು ಕೈ ಮುಗಿದಳು: ‘ಅಕ್ಕಾ, ನೀ ಬೈದು ಹೋಗ್ತೀ. ನೀ ಬಸ್ ಹತ್ತಿದ ಮ್ಯಾಲ ಆ ಬೈಗಳದ ಲೆಕ್ಕ ನನ್ನ ಬೆನ್ನಿಗೆ ಬರ್ತೈತಿ. ಬ್ಯಾಡ ಬಿಡು.’ ನನ್ನ ಜೊತೆ ಬಂದುಬಿಡು ಎಂದೆ. ಬರಬಹುದಿತ್ತು. ಆದರೆ ಕೂಸನ್ನು ಅವರು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಕೂಸು ಬೇಕು, ಹೊಡೆತ ತಪ್ಪಬೇಕು. ಇಷ್ಟೇ ಅವಳು ಈ ಲೋಕವನ್ನು ಕೇಳಿದ್ದು.

ಕಾದಂಬರಿ ಹುಟ್ಟಿದ್ದು ಬಾದಾಮಿಯಲ್ಲಿ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಅವರು ಮಂಗಗಳ ಹಿಂದೆ, ಮಂಗಗಳು ಅವರ ತಿಂಡಿಯ ಹಿಂದೆ. ನಾನು ಗುಹೆಯ ಮೆಟ್ಟಿಲ ಮೇಲೆ ಕೂತು ಕೆಳಗಿನ ಕೆರೆ ನೋಡುತ್ತಿದ್ದೆ. ವೈರಿಗಳು ಬಂದು ಈ ಊರನ್ನು ಸುಟ್ಟು ಹೋದರು ಎಂದು ಪಾಠದಲ್ಲಿ ಒಂದು ಸಾಲು ಬರುತ್ತದೆ. ಸುಟ್ಟು ಹೋದ ಮೇಲೆ ಉಳಿದ ಹೆಂಗಸರು ಏನು ಮಾಡಿದರು? ಅದರ ಬಗ್ಗೆ ಒಂದಕ್ಷರ ಇಲ್ಲ. ಅಲ್ಲಿಯೇ ನನಗೆ ಒಬ್ಬ ಹುಡುಗಿ ಕಾಣಿಸಿದಳು. ದಂಡನಾಯಕನ ಮಗಳು, ಎಳೆಯ ಪ್ರಾಯ, ಮನೆಯವರೆಲ್ಲ ಸತ್ತಿದ್ದಾರೆ. ಬೂದಿಯಾದ ಊರಿಗೆ ರಕ್ಕಸರು ಬರುತ್ತಾರೆ. ಕೋರೆಹಲ್ಲಿನ ರಕ್ಕಸರಲ್ಲ, ಗಂಡನ ರೂಪದಲ್ಲಿ, ಅಣ್ಣನ ರೂಪದಲ್ಲಿ ಮನೆ ಹೊಕ್ಕು, ಉಣ್ಣಲು ಕೂತು, ಬಡಿಸಿದವರನ್ನೇ ತಿನ್ನುವವರು. ಈ ಹುಡುಗಿ ಮನೆಯಿಂದ ಮನೆಗೆ ಹೋಗಿ ಅವರನ್ನು ಗುರುತಿಸಿ ಎದುರು ನಿಲ್ಲುತ್ತಾಳೆ. ಜನ ಅವಳನ್ನು ದೊರೆಸಾನಿ ಎಂದು ಕರೆಯುತ್ತಾರೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡದೆ ನನಗೆ ಸಮಾಧಾನವಿಲ್ಲ. ಕಿವಿಗೆ ಹಿಡಿಸದ ವಾಕ್ಯವನ್ನು ಕೈ ಬರೆದರೂ ನಾನು ಇಡುವುದಿಲ್ಲ. ಹಾಗೆ ಓದುವಾಗ ಫೋನಿನಲ್ಲಿ ದನಿ ಹಿಡಿದು ತಂಗಿಗೆ ಕಳಿಸುತ್ತಿದ್ದೆ. ಅವಳಿಗೆ ಕೂತು ಓದಲು ಹೊತ್ತೆಲ್ಲಿ? ಮಗ್ಗದ ಪಕ್ಕದಲ್ಲಿ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತ, ಸೆರಗಿನೊಳಗೆ ಒಂದು ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುತ್ತಿದ್ದಳು. ಮರುದಿನ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆಯಿಂದ ಫೋನು: ‘ಅಕ್ಕಾ, ಆ ಅಣ್ಣನ ವೇಷದಾಂವ ಇದ್ನಲ್ಲ, ಅವನ್ನ ಭಾಳ ಲಗೂನ ಸಾಯ್ಸಿದಿ. ಇನ್ನೊಂದೀಟು ಒದ್ದಾಡಬೇಕಿತ್ತು ಭಾಡ್ಯಾ.’ ಅವಳಂಥ ಓದುಗರು ಎಷ್ಟು ಬರಹಗಾರರಿಗೆ ಸಿಗುತ್ತಾರೆ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಕೇಳುತ್ತ ಕೇಳುತ್ತ ದೊರೆಸಾನಿಯ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು.

ಒಂದು ಮಧ್ಯಾಹ್ನ ಗಂಡ ಮಗ್ಗದಿಂದ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಎದ್ದು ಬಂದವನೇ ತುರುಬು ಹಿಡಿದು ಎಳೆದು ಕೈ ಎತ್ತಿದ. ಕಿವಿಯಲ್ಲಿ ನನ್ನ ದನಿ ಓಡುತ್ತಲೇ ಇತ್ತು. ಏನು ಹೊಳೆಯಿತೋ, ಆ ಹೊತ್ತಿಗೆ ಕಿವಿಯಲ್ಲಿದ್ದದ್ದನ್ನೇ ಅವಳು ಬಾಯಿಬಿಟ್ಟು ಅಂದುಬಿಟ್ಟಳು.

‘ಎತ್ತಿದ ಕೈಯನ್ನು ಇಳಿಸು. ನಾನು ದಂಡನಾಯಕನ ಮಗಳು. ಬೆಂದ ಊರಿನ ನಡುವೆ ನಿಂತು ರಕ್ಕಸರ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು. ನಿನ್ನ ಕಣ್ಣು ನನಗೆ ಯಾವ ಲೆಕ್ಕ?’

ಕೈ ಇಳಿಯಿತು. ‘ಕೈ ಇಳಸೋ’ ಎಂದಿದ್ದರೆ ಇನ್ನೆರಡು ಹೆಚ್ಚು ಬೀಳುತ್ತಿದ್ದವು. ನಮ್ಮ ಕಡೆ ಯಾವ ಹೆಣ್ಣುಮಗಳೂ ಗಂಡನೆದುರು, ಗಂಡನೆದುರಷ್ಟೇ ಏಕೆ, ಯಾರೆದುರೂ ಹಾಗೆ ಮಾತಾಡುವುದಿಲ್ಲ. ಅಕ್ಷರ ಅಕ್ಷರ ಬಿಡಿಸಿ ಆಡುವ ಪುಸ್ತಕದ ಕನ್ನಡ ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಟಿರಲಿಲ್ಲ. ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಬಿಟ್ಟು ಎದ್ದು ನಿಂತಳು. ಎರಡೂ ಕೈ ಮುಗಿದಳು. ‘ಯಾರವ್ವ ತಾಯಿ ನೀ? ಎಲ್ಲಿಂದ ಬಂದಿ?’ ಎಂದು ಕೇಳಿದಳು. ತಂಗಿ ನಡುಗುತ್ತಿದ್ದಳಂತೆ. ನಡುಕವೂ ಲಕ್ಷಣಕ್ಕೆ ಸರಿಹೊಂದಿತು. ‘ಬಾದಾಮಿಯ ಕೋಟೆಯಿಂದ’ ಎಂದಳು. ಅದೂ ನನ್ನದೇ ಸಾಲು.

ಅವತ್ತು ಮಾಳಿಗೆಯಿಂದ ಬಂದ ಫೋನಿನಲ್ಲಿ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ‘ಅಕ್ಕಾ, ಅತ್ತಿ ನನ್ನ ಕಾಲಿಗೆ ನೀರು ಹಾಕಿದ್ಲು. ನನ್ನ ಕಾಲಿಗೆ! ಅಂವ ಮೂಲ್ಯಾಗ ಕುಂತಾನ, ಮಾರಿ ಎತ್ತಿ ನೋಡವಲ್ಲ.’ ನಾನು ಗಾಬರಿಯಾದೆ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಗೊತ್ತೇನು ನಿನಗೆ ಎಂದು ರೇಗಿದೆ. ಅವಳು ಅಂದಳು: ‘ಎಲ್ಲಿಗಾರ ಹೋಗ್ಲಿ. ಇವತ್ತ ಹೊಡದಿಲ್ಲ.’

ಅಮಾವಾಸ್ಯೆಗೆ ಓಣಿಯ ಹೆಂಗಸರು ಬಂದರು. ಮುಂದಿನ ಅಮಾವಾಸ್ಯೆಗೆ ಪಕ್ಕದ ಊರುಗಳಿಂದ ಬಂದರು. ಮಗ್ಗದ ಪಡಸಾಲೆಯಲ್ಲಿ ಚಾಪೆ ಹಾಸಿ, ಹಸಿರು ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ತಂಗಿಯನ್ನು ಕೂರಿಸುತ್ತಿದ್ದರು. ಎಮ್ಮೆ ಯಾಕೆ ಹಿಂಡಗೊಡುವುದಿಲ್ಲ, ಮಗಳಿಗೆ ಯಾವ ಸಂಬಂಧ ನೋಡಲಿ, ಇಂಥವೇ ಪ್ರಶ್ನೆ. ಉತ್ತರವನ್ನು ಅವಳು ನನ್ನ ಕಾದಂಬರಿಯಿಂದ ಹುಡುಕಿ ತೆಗೆದು ಹೇಳುತ್ತಿದ್ದಳು. ಹೇಳಿದ್ದು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಮೈಮೇಲೆ ಬಂದವರ ಮಾತು ಪೂರ್ತಿ ತಿಳಿದರೆ ಯಾರು ತಾನೇ ನಂಬುತ್ತಾರೆ? ಅತ್ತೆ ಸೊಸೆಯ ಪಕ್ಕದಲ್ಲಿ ಕೂತು ಬಂದವರಿಗೆಲ್ಲ ಅರ್ಥ ಬಿಡಿಸಿ ಹೇಳುತ್ತಿದ್ದಳು. ಗಂಡ ಎಲ್ಲರ ಕಣ್ಣೆದುರೇ ಹೆಂಡತಿಯ ಕಾಲಿಗೆ ಬೀಳುತ್ತಿದ್ದ. ಉಳಿದ ದಿನಗಳಲ್ಲೂ ಅವನು ಕೈ ಎತ್ತಲಿಲ್ಲ. ದೊರೆಸಾನಿ ಯಾವಾಗ ಬರುತ್ತಾಳೋ ಯಾರು ಬಲ್ಲರು ಎಂಬ ಹೆದರಿಕೆ ಅವನಿಗಿತ್ತು.

ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆ ತೋರಿಸುತ್ತಿದ್ದಳು: ‘ನೋಡ, ನಿಮ್ಮವ್ವನ ಮ್ಯಾಲ ಯಾರು ಬಂದಾರ ನೋಡ.’ ನಾಲ್ಕು ತುಂಬಿದ್ದ ಕೂಸು ಬೆರಳು ಚೀಪುತ್ತ ನೋಡುತ್ತಿತ್ತು.

ತಂಗಿಗೆ ಹೊಸ ಮಾತು ಬೇಕಾಗತೊಡಗಿತು. ‘ಅಕ್ಕಾ, ಹಳೇವು ಮುಗದ್ವು. ಮುಂದಿಂದು ಕಳಸು. ಒಂದೀಟು ಜೋರ ಇರ್ಲಿ.’ ನಾನು ಬರೆದೆ. ಖರೆ ಹೇಳುತ್ತೇನೆ, ಅಷ್ಟು ಚುರುಕಾಗಿ ನಾನು ಯಾವತ್ತೂ ಬರೆದಿರಲಿಲ್ಲ. ದೊರೆಸಾನಿ ಎದುರಿಗೆ ನಿಂತು ಗದರುವ ದೃಶ್ಯಗಳೇ ಬರುತ್ತಿದ್ದವು, ಏಕೆಂದರೆ ಅವು ಕಮತಗಿಯ ಒಬ್ಬ ಗಂಡಸಿನ ಕಿವಿಗೆ ಬೀಳಬೇಕಾದವು. ಇತ್ತ ಧಾರವಾಡದ ಪ್ರಕಾಶಕರೊಬ್ಬರು ಮೊದಲ ಅಧ್ಯಾಯಗಳನ್ನು ಓದಿ, ಬೇಗ ಮುಗಿಸಿ ಕೊಡ್ರಿ ಅಕ್ಕೋರ, ದೀಪಾವಳಿಗೆ ತರೋಣ ಎಂದು ಬೆನ್ನು ಹತ್ತಿದ್ದರು. ತಂಗಿಗೆ ಹೇಳಿದೆ. ಅವಳ ದನಿ ಇಳಿದುಹೋಯಿತು. ‘ಅಚ್ಚಾದ್ರ ಈ ಮಾತೆಲ್ಲಾ ಪುಸ್ತಕದಾಗ ಇರ್ತಾವ ಹೌದಲ್ಲೋ? ಯಾರಾರ ಓದಿದ್ರ?’ ಓದಿದರೆ ದೊರೆಸಾನಿ ಅವತ್ತೇ ಸತ್ತಳು. ನಾನು ಪ್ರಕಾಶಕರಿಗೆ ಕಾದಂಬರಿ ಕೆಟ್ಟಿದೆ, ತಿದ್ದಬೇಕು ಎಂದೆ. ಹತ್ತು ವರ್ಷ ಬೇಕಾದರೂ ಕೊಡದೆ ಇರಲು ನಾನು ತಯಾರಿದ್ದೆ. ಪುಸ್ತಕ ಏನು, ಸುಡುಗಾಡಿಗೆ ಹೋಗಲಿ, ಹುಡುಗಿಯ ಬೆನ್ನು ನೆಟ್ಟಗಿತ್ತಲ್ಲ.

ಗಂಡನನ್ನು ಹೆದರಿಸಲು ತಂಗಿ ಒಂದು ಮಾತನ್ನು ಪದೇ ಪದೇ ಆಡುತ್ತಿದ್ದಳು: ‘ಮನುಷ್ಯರ ಮೈಯಲ್ಲಿ ಅಡಗಿದ ರಕ್ಕಸರನ್ನು ಹೊರಗೆಳೆದವಳು ನಾನು.’ ಇದನ್ನು ಕೇಳಿದ್ದು ಅವನೊಬ್ಬನೇ ಅಲ್ಲ, ಪಡಸಾಲೆಯಲ್ಲಿ ಕೂತವರೆಲ್ಲ ಕೇಳಿದ್ದರು. ಅವರು ಅದನ್ನು ಊರೂರಿಗೆ ಒಯ್ದಿದ್ದರು. ಹೀಗಾಗಿ ಒಂದು ಅಮಾವಾಸ್ಯೆಗೆ ಹುನಗುಂದದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯನ್ನು ಹಿಡಿದು ತಂದರು.

ಅವತ್ತು ಭಾನುವಾರ. ನಾನೂ ಹೋಗಿದ್ದೆ, ಹೆಂಗಸರ ನಡುವೆ ಕೂತಿದ್ದೆ. ಹುಡುಗಿಗೆ ಹದಿನೈದಿರಬೇಕು. ಟವೆಲಿನಿಂದ ಕೈ ಕಟ್ಟಿದ್ದರು. ಅವಳ ತುಟಿ ಕಚ್ಚಿ ಹರಿದಿತ್ತು, ಮೊಣಕೈಯ ಮೇಲೆ ಬರೆ ಹಾಕಿದ ಗಾಯ ಇನ್ನೂ ಹಸಿಯಿತ್ತು. ಜೊತೆಯಲ್ಲಿ ತಾಯಿ ಮತ್ತು ಸೋದರಮಾವ. ಮಾವ ಹೇಳಿದ: ‘ವಾರಕ್ಕೊಮ್ಮೆ ಬಡೀತೈತ್ರಿ. ಧಡಕ್ಕನ ಬೀಳ್ತಾಳ, ಕಣ್ಣ ಮ್ಯಾಲ ಮಾಡ್ತಾಳ, ಬಾಯಾಗ ಬುರುಗು ಬರ್ತೈತಿ. ಎಲ್ಲಾ ಕಡೆ ತೋರಿಸಿದಿವ್ರಿ. ಅದು ಹೊಂಟಿಲ್ಲ.’ ಮೂರ್ಛೆ ರೋಗ. ನಮ್ಮ ಶಾಲೆಯಲ್ಲಿಯೇ ಇಬ್ಬರು ಮಕ್ಕಳು ಅದಕ್ಕೆ ಗುಳಿಗೆ ತೆಗೆದುಕೊಳ್ಳುತ್ತಾರೆ. ದವಾಖಾನೆಗೆ ತೋರಿಸಿದಿರಾ ಎಂದು ನಾನು ಬಾಯಿ ಹಾಕಿದೆ. ತಂಗಿಯ ಅತ್ತೆ ನನ್ನ ಭುಜ ಒತ್ತಿ ಹಿಡಿದಳು: ‘ಸುಮ್ನ ಕುಂಡ್ರಿ ಅಕ್ಕೋರ. ದೊರೆಸಾನಿ ಮುಂದ ನಾವ್ಯಾರು ಮಾತಾಡಾಕ?’

ಮಾವ ಹೊಡೆಯಲೆಂದು ಒಂದು ಹುಣಸೆ ಬರಲು ಮುರಿದು ತಂದಿದ್ದ. ಅದನ್ನು ತಂಗಿಯ ಕಾಲ ಬಳಿ ಇಟ್ಟು ಅಡ್ಡ ಬಿದ್ದ. ತಂಗಿ ಅದನ್ನು ಮುಟ್ಟಲಿಲ್ಲ. ಹುಡುಗಿಯನ್ನು ನೋಡಿ, ‘ನಿನ್ನ ಹೆಸರೇನು?’ ಎಂದಳು. ಹುಡುಗಿ ತನ್ನ ಹೆಸರು ಹೇಳಿದಳು. ತನ್ನ ಅಪ್ಪನ ಹೆಸರು ಹೇಳಿದಳು. ಒಂಬತ್ತನೇ ಕ್ಲಾಸು ಎಂದಳು. ‘ಸುಳ್ಳ ಹೇಳಾಕತ್ತೈತ್ರಿ ಅದು’ ಎಂದ ಮಾವ, ‘ಹೊಡದ್ರನ ಖರೆ ಹೆಸರು ಹೇಳ್ತೈತಿ.’

ತಂಗಿ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದೊರೆಸಾನಿಗೆ ಇಂಥ ಹೊತ್ತಿಗೆ ನಾನು ಯಾವ ಮಾತನ್ನೂ ಬರೆದಿರಲಿಲ್ಲ. ಅವಳೇ ಕೂಡಿಸಿಕೊಂಡು ಹೇಳಿದಳು: ‘ಈ ಬಾಲೆಯ ಮೈಯಲ್ಲಿ ರಕ್ಕಸನಿಲ್ಲ. ಇವಳ ಕಟ್ಟು ಬಿಚ್ಚಿರಿ. ವೈದ್ಯರ ಬಳಿಗೆ ಕರೆದೊಯ್ಯಿರಿ.’ ಯಾರೂ ಕದಲಲಿಲ್ಲ. ಅತ್ತೆ ಎಂದಿನಂತೆ ಅರ್ಥ ಬಿಡಿಸಿದಳು: ‘ತಾಯಿ ಪರೀಕ್ಷಾ ಮಾಡಾಕತ್ತಾಳ. ಅದು ಒಳಗ ಕುಂತು ಕೇಳ್ತೈತಲ್ಲ, ಅದಕ್ಕ ಹಂಗ ಹೇಳ್ತಾಳ. ನೀವು ಹೊಡೀರಿ, ಆಕಿ ಮುಂದ ಹೊಡದ್ರ ಸಾಕು.’ ದೊರೆಸಾನಿ ಬೇಡ ಎಂದರೆ ಅದೂ ಬೇಕು ಎಂದೇ ಆಯಿತು. ಮಾವ ಬರಲು ಎತ್ತಿ ಹುಡುಗಿಯ ತೋಳಿಗೆ ಬೀಸಿದ. ಹುಡುಗಿ ಒಮ್ಮೆ ಕಿರುಚಿದಳು. ಆಮೇಲೆ ಕಣ್ಣು ಮೇಲೆ ಹೋಯಿತು, ಮೈ ಸೆಟೆಯಿತು, ಧಡಕ್ಕನೆ ನೆಲಕ್ಕೆ ಬಿದ್ದು ಒದ್ದಾಡತೊಡಗಿದಳು. ‘ಬಂತು ಬಂತು, ಬಿಡಬ್ಯಾಡ್ರಿ!’ ಎಂದು ಪಡಸಾಲೆಯೇ ಎದ್ದು ನಿಂತಿತು.

‘ಲೇ, ಬಿಡೋ ಆಕಿನ್ನ!’

ತಂಗಿ ಚಾಪೆಯಿಂದ ಹಾರಿ ಹುಡುಗಿಯ ಮೇಲೆ ಬಿದ್ದಿದ್ದಳು. ಎರಡನೆಯ ಏಟು ಅವಳ ಬೆನ್ನಿಗೆ ಬಿತ್ತು. ‘ನಾ ದೊರೆಸಾನಿ ಅಲ್ರೀ! ಯಾ ದೊರೆಸಾನೀನೂ ಇಲ್ಲ, ಯಾ ದೆವ್ವಾನೂ ಇಲ್ಲ! ಅಲ್ಲೆ ಕುಂತಾಳಲ್ಲ ನಮ್ಮಕ್ಕ, ಆಕಿ ಬರದ ಕಥಿ ಇದು. ನಾ ಫೋನಿನ್ಯಾಗ ಕೇಳಿ ಹೇಳ್ತಿದ್ನಿ. ನನ್ನ ಗಂಡ ಹೊಡೀತಾನಂತ ಹೇಳ್ತಿದ್ನಿ! ಈ ಹುಡುಗಿಗೆ ಜಡ್ಡು ಬಂದೈತಿ, ನಿಮ್ಮ ಕಾಲ ಬೀಳ್ತೇನಿ, ದವಾಖಾನಿಗೆ ಒಯ್ರಿ!’

ಅತ್ತೆ ಇನ್ನೂ ಬಿಡಲಿಲ್ಲ. ‘ತಾಯಿ ಸಿಟ್ಟಿಗೆದ್ದಾಳ…’ ಎಂದು ಶುರು ಮಾಡಿದಳು. ತಂಗಿ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ತೆಗೆದು, ಒತ್ತಿ, ಎಲ್ಲರ ಮುಂದೆ ಹಿಡಿದಳು. ಆ ಪಡಸಾಲೆಯಲ್ಲಿ ನನ್ನ ದನಿ ಕೇಳಿಸಿತು, ತರಗತಿಯಲ್ಲಿ ಓದುವ ದನಿ: ‘ಎತ್ತಿದ ಕೈಯನ್ನು ಇಳಿಸು. ನಾನು ದಂಡನಾಯಕನ ಮಗಳು…’

ಎಲ್ಲರೂ ನನ್ನ ಮುಖ ನೋಡಿದರು. ಹುಡುಗಿಯ ಮೈ ನಿಧಾನಕ್ಕೆ ಸಡಿಲಾಯಿತು. ಅವಳ ತಾಯಿ ಸೆರಗಿನಿಂದ ಅವಳ ಬಾಯಿ ಒರೆಸಿ, ಎಬ್ಬಿಸಿ, ಯಾರನ್ನೂ ನೋಡದೆ ಹೊರಗೆ ನಡೆಸಿಕೊಂಡು ಹೋದಳು. ಹೆಂಗಸರು ತಾವು ತಂದ ತೆಂಗಿನಕಾಯಿಗಳನ್ನು ತಾವೇ ಎತ್ತಿಕೊಂಡರು. ಒಬ್ಬಳು ಹೋಗುವಾಗ ಉಗುಳಿದಳು. ತಂಗಿಯ ಗಂಡ ಮಾತ್ರ ನಿಂತಲ್ಲೇ ನಿಂತು ಆ ಫೋನನ್ನೇ ನೋಡುತ್ತಿದ್ದ. ಇಷ್ಟು ತಿಂಗಳು ತಾನು ಯಾರ ಕಾಲಿಗೆ ಬಿದ್ದೆ ಎಂದು ಅವನಿಗೆ ಆಗ ತಿಳಿಯಿತು.

ನಡಿ, ಈಗಿಂದೀಗ ನಡಿ ಎಂದು ನಾನು ತಂಗಿಯ ಕೈ ಹಿಡಿದೆ. ಅತ್ತೆ ಕೂಸನ್ನು ಎತ್ತಿ ಕಂಕುಳಲ್ಲಿ ಇರಿಸಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಳು. ‘ಹೋಗಾಕಿ ಹೋಗ್ಲಿ. ಕೂಸು ನಮ್ಮದು.’ ನಾನು ಬೈದೆ, ಕಿರುಚಿದೆ, ಪೊಲೀಸರಿಗೆ ಹೇಳುತ್ತೇನೆ ಎಂದೆ. ತಂಗಿ ನನ್ನ ಕೈ ಬಿಡಿಸಿಕೊಂಡಳು. ‘ನೀ ಹೋಗಕ್ಕ. ಕೂಸಿನ್ನ ಬಿಟ್ಟು ನಾ ಎಲ್ಲಿಗೆ ಬರ್ಲಿ?’ ನಾನು ಸೀದಾ ಠಾಣೆಗೆ ಹೋದೆ. ಗಂಡ ಹೆಂಡಿರ ಜಗಳ, ಆಕೆಯೇ ಬಂದು ಹೇಳಲಿ ಎಂದರು. ಸಂಜೆಯ ಬಸ್ಸಿಗೆ ಬಾಗಲಕೋಟೆಗೆ ಬಂದೆ.

ಮರುದಿನ ಶಾಲೆಗೆ ಫೋನು ಬಂತು. ದವಾಖಾನೆಯಲ್ಲಿ ತಂಗಿಯ ಮುಖ ನೋಡಿದಾಗ ನನಗೆ ಗುರುತು ಸಿಗಲಿಲ್ಲ. ದವಡೆ ಎರಡು ಕಡೆ ಮುರಿದಿತ್ತು. ಮಗ್ಗದ ಕೆಳಗೆ ಕಾಲಿಡುವ ಕುಣಿಯೊಳಗೆ ಜಾರಿ ಬಿದ್ದಳು ಎಂದು ಬರೆಸಿದ್ದರು. ಡಾಕ್ಟರು ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿದರು. ವಾರಗಟ್ಟಲೆ ನಳಿಕೆಯಿಂದ ಗಂಜಿ ಕುಡಿದಳು. ಅವನ ಕೈ ಸೇದಿ ಬಿದ್ದುಹೋಗಲಿ ಎಂದು ನಾನು ದಿನಾಲು ಶಪಿಸಿದೆ. ಅವನ ಕೈಗೆ ಏನೂ ಆಗಲಿಲ್ಲ, ಮಗ್ಗ ನಡೆದೇ ಇತ್ತು.

ಜನ ನನ್ನನ್ನೂ ಅಂದರು. ಸುಮ್ಮನಿದ್ದ ಹುಡುಗಿಗೆ ಕಥೆ ಕಲಿಸಿ ಸಂಸಾರ ಹಾಳು ಮಾಡಿದಳು, ಮದುವೆಯಾಗದವಳಿಗೆ ಏನು ಗೊತ್ತು ಎಂದರು. ಅನ್ನಲಿ. ಕೈ ಎತ್ತಿದವನು ಅವನು. ಅವನ ಹೆಸರು ಹಿಡಿದು ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಆ ಮೂರ್ಛೆಯ ಹುಡುಗಿ ದವಾಖಾನೆಗೆ ಹೋದಳೋ, ಇನ್ನೊಂದು ಕಡೆ ಇನ್ನೊಬ್ಬರ ಬರಲಿನ ಮುಂದೆ ಕೂತಳೋ ನನಗೆ ತಿಳಿಯಲಿಲ್ಲ. ತಂಗಿಯ ಹಾಸಿಗೆಯ ಬಳಿ ಕೂತಿದ್ದಾಗ ಬಾಗಿಲಲ್ಲಿ ಹಾಯ್ದುಹೋಗುವ ಆ ವಯಸ್ಸಿನ ಹುಡುಗಿಯರನ್ನೆಲ್ಲ ನೋಡುತ್ತಿದ್ದೆ. ಅವಳು ಕಾಣಲಿಲ್ಲ. ಈಗ ಕಾದಂಬರಿಯನ್ನು ಅಚ್ಚಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ, ಪ್ರಕಾಶಕರು ಈಗಲೂ ಕೇಳುತ್ತಾರೆ. ಗಟ್ಟಿಯಾಗಿ ಓದಲು ಕೂತರೆ ನನ್ನ ದನಿ ಆ ಪಡಸಾಲೆಯಲ್ಲಿ ಕೇಳಿಸಿದ ಹಾಗೆ ಕೇಳಿಸುತ್ತದೆ, ಮುಚ್ಚಿಡುತ್ತೇನೆ.

ತಂತಿ ಬಿಚ್ಚಿದ ಮೇಲೆ ತಂಗಿಯನ್ನು ನನ್ನ ಮನೆಗೆ ಕರೆತಂದೆ. ದವಡೆ ಓರೆಯಾಗಿ ಕೂಡಿತ್ತು. ಮಾತು ತೊದಲುತ್ತಿತ್ತು, ಒಂದು ಬದಿಯಿಂದ ಜೊಲ್ಲು ಇಳಿಯುತ್ತಿತ್ತು, ಆಗಾಗ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಹಿರಿಯರು ನಡುವೆ ಬಂದರು. ಕೂಸನ್ನು ಒಂದು ಭಾನುವಾರ ತಾಯಿಯ ಬಳಿ ಬಿಡುವುದು, ಕೂಸಿನ ಮುಖ ನೋಡಿದರೆ ಆಕೆಯ ಮನಸ್ಸು ಕರಗುತ್ತದೆ, ಸಂಜೆ ಗಂಡ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುವುದು. ಇದು ಅವರ ಪಂಚಾಯತಿ. ನಾನು ಅವರಿಗೆ ಚಹಾ ಸಹ ಕೊಡಲಿಲ್ಲ. ಆದರೆ ಕೂಸು ಬರುತ್ತದೆ ಎಂದು ತಂಗಿ ಹೂಂ ಅಂದಳು.

ಹಿರಿಯರಲ್ಲಿ ಒಬ್ಬರು ಬೆಳಿಗ್ಗೆ ಕೂಸನ್ನು ಬಿಟ್ಟು ಹೋದರು. ಕೂಸು ತಾಯಿಯ ಬಳಿ ಬರಲಿಲ್ಲ. ಬಾಗಿಲ ಮೂಲೆಯಲ್ಲಿ ನಿಂತು ಆ ಓರೆ ಮುಖವನ್ನು ನೋಡಿತು. ಮಧ್ಯಾಹ್ನದವರೆಗೆ ಹೀಗೇ. ಹೋಳಿಗೆ ಮಾಡಿದ್ದೆ, ಮುಟ್ಟಲಿಲ್ಲ. ಕೊನೆಗೆ ತಂಗಿ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡಾಗ ತಾನಾಗಿ ಹತ್ತಿರ ಬಂದು ಕೂತಿತು. ತಾಯಿಯ ದವಡೆಯನ್ನು ಬೆರಳಿನಿಂದ ಮುಟ್ಟಿತು.

‘ಯವ್ವಾ, ಆಕಿನ್ನ ಕರಿ.’

‘ಯಾರನ್ನವ್ವ?’

‘ದೊರೆಸಾನಿನ್ನ. ಆಕಿ ಇದ್ದಾಗ ಅಪ್ಪ ಹೊಡೀತಿದ್ದಿಲ್ಲ.’

ಆಕಿ ಬರೂದಿಲ್ಲ, ಆಕಿ ಬರೇ ಕಥಿ ಎಂದು ತಂಗಿ ತೊದಲುತ್ತ ಹೇಳಿದಳು. ನಾ ಈಗ ಇಲ್ಲೆ ಇರ್ತೇನಿ, ನನಗ ಅಂವ ಹೊಡಿಯಂಗಿಲ್ಲ, ನೀ ಅಂಜಬ್ಯಾಡ ಎಂದಳು. ಕೂಸು ತಲೆ ಅಲ್ಲಾಡಿಸಿತು. ಲಂಗವನ್ನು ತೊಡೆಯವರೆಗೆ ಎತ್ತಿ ತೋರಿಸಿತು. ‘ನಿನಗಲ್ಲ. ನನಗ.’

ತೊಡೆಯ ಮೇಲೆ ಬೆರಳುಗಳ ಗುರುತು ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೆಲವು ನೀಲಿ, ಕೆಲವು ಆಗಲೇ ಹಳದಿ. ತಂಗಿ ಅಳಲಿಲ್ಲ. ಎದ್ದು ಕೂತು ಲಂಗ ಸರಿಮಾಡಿ, ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ, ಹಾಸಿಗೆಯ ಮೇಲೆ ಕೂರಿಸಿ ಬಂದಳು. ‘ಅಕ್ಕಾ, ಬಾಗಲ ಹಾಕು’ ಎಂದಳು. ನಾನು ಹಾಕಿ ಚಿಲಕ ಜಡಿದೆ, ಮೇಜನ್ನು ಎಳೆದು ಅಡ್ಡ ಇಟ್ಟೆ, ಪೊಲೀಸರಿಗೆ ಫೋನು ಮಾಡಿದೆ. ಬರುತ್ತೇವೆ ಎಂದರು.

ಅವರಿಗಿಂತ ಮೊದಲು ಅವನು ಬಂದ. ಇನ್ನೂ ಬಿಸಿಲಿತ್ತು, ಎದುರು ಮನೆಯವರು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಮೊದಲು ಮೆತ್ತಗೆ ಬಡಿದ. ಆಮೇಲೆ ಜೋರಾಗಿ. ‘ಕೂಸಿನ್ನ ಹೊರಗ ಕಳಸು. ಇಲ್ಲಂದ್ರ ಬಾಗಲ ಮುರೀತೇನಿ’ ಎಂದ. ತಂಗಿ ಬಾಗಿಲ ಹತ್ತಿರ ಹೋಗಿ ನಿಂತಳು. ಬಾಯಿ ಒರೆಸಿಕೊಂಡಳು.

‘ಕೊಡಂಗಿಲ್ಲ’ ಎಂದಳು.

ಹೊರಗೆ ಅವನು ನಕ್ಕ. ‘ಯಾರ ಮಾತಾಡಾಕತ್ತಾರ? ದೊರೆಸಾನಿ ಏನು?’

‘ನಾನಽ. ನಿನ್ನ ಹೇಣ್ತಿ. ಕೊಡಂಗಿಲ್ಲ.’

ಆ ಓರೆ ಬಾಯಿಯಿಂದ ಮಾತು ಅರ್ಧರ್ಧ ಹೊರಟಿತು. ಅವನು ಈಗ ಹೆದರಲಿಲ್ಲ. ಬಾಗಿಲಿಗೆ ಒದ್ದ, ಮೇಲಿನ ಚಿಲಕ ಕಿತ್ತು ಬಂತು, ಮೇಜು ಒಂದು ಗೇಣು ಹಿಂದೆ ಸರಿಯಿತು. ನಾವಿಬ್ಬರೂ ಮೇಜಿಗೆ ಬೆನ್ನು ಕೊಟ್ಟು ನೆಲಕ್ಕೆ ಕಾಲು ಊರಿದೆವು. ಎದುರು ಮನೆಯ ಕಟ್ಟೆಯಿಂದ ಯಾರೂ ಏಳಲಿಲ್ಲ. ಒಳಕೋಣೆಯಲ್ಲಿ ಕೂಸು ತನ್ನ ಸಣ್ಣ ದನಿಯಲ್ಲಿ ದೊರೆಸಾನಿಯನ್ನು ಕರೆಯುತ್ತಿತ್ತು.